ಪೈಪು ಸುತ್ತಿಹೋದ ಜಾಗ

"ಈ ನೀಲಿ ಗೆರೆ ಇಲ್ಲಿ ಯಾಕ್ರೀ ಸೊಟ್ಟಗಾಗಿದೆ?" ಅಂದೆ.

ಪವಿತ್ರ ಮೊಸರನ್ನದ ಡಬ್ಬಿಯಿಂದ ತಲೆ ಎತ್ತಲಿಲ್ಲ.

ದಟ್ಟಗಳ್ಳಿಯ ಆ ಆಫೀಸಿನ ಒಂದು ಗೋಡೆ ಪೂರ್ತಿ ಪರದೆ. ಅದರ ಮೇಲೆ ಮಂಡಕಳ್ಳಿಯಾಚೆಯ ಹೊಲಗಳು ಆಕಾಶದಿಂದ ಕಂಡ ಹಾಗೆ ತುಂಡು ತುಂಡಾಗಿ ಹರಡಿದ್ದವು. ಹಸಿರು ಅಂದ್ರೆ ನೀರು ಮುಟ್ಟಿದ ಹೊಲ, ಹಳದಿ ಅಂದ್ರೆ ಮುಟ್ಟದ್ದು. ನೀಲಿ ಗೆರೆ ಅಂದ್ರೆ ನೆಲದೊಳಗೆ ಹೂತ ಪೈಪು. ಇದಕ್ಕೆ ಜಿಐಎಸ್ ಅಂತಾರಂತೆ. ಯಾವ ರೈತನ ಹೊಲಕ್ಕೆ ಪೈಪು ಎಲ್ಲಿಂದ ಹೋಗಬೇಕು, ಹೋದ ಮೇಲೆ ನೀರು ಹರೀತಾ ಇದ್ಯಾ ಇಲ್ವಾ, ಎಲ್ಲಾನೂ ಉಪಗ್ರಹದ ಚಿತ್ರ ಇಟ್ಟುಕೊಂಡು ಕುರ್ಚಿಯಲ್ಲೇ ಕೂತು ತೀರ್ಮಾನ ಮಾಡ್ತಾರೆ. ಕಾಲಿಗೆ ಮಣ್ಣಂಟದ ಬೇಸಾಯ.

"ಯಾವ ಗೆರೆ?"

"ಕೆಂಚಮ್ಮನ ಹೊಲದ್ದು. ಅಷ್ಟು ದೂರದಿಂದ ದಾರ ಹಿಡಿದ ಹಾಗೆ ನೆಟ್ಟಗೆ ಬಂದಿದೆ ಮಹರಾಯ್ತಿ. ಇಲ್ಲಿಗೆ ಬಂದು ಏನನ್ನೋ ಸುತ್ತಿಕೊಂಡು ಹೋಗಿದೆ."

"ಓ, ಅದಾ? ಸಮಾಧಿ ಇದೆ ಅಲ್ಲಿ."

ಅಷ್ಟು ಹೇಳಿ ಇನ್ನೊಂದು ಚಮಚ ಮೊಸರನ್ನ ಬಾಯಿಗೆ ಹಾಕಿಕೊಂಡಳು.

ನಾನು ಭಾನುಪ್ರಿಯಾ. ಪೊಲೀಸ್ ಕೆಲಸಕ್ಕೆ ನಮಸ್ಕಾರ ಹೊಡೆದು ನಜರ್‌ಬಾದಿನಲ್ಲಿ ಬೋರ್ಡು ಹಾಕ್ಕೊಂಡು ಪತ್ತೇದಾರಿಕೆ ಮಾಡ್ತೀನಿ. ಪವಿತ್ರಳ ಈ ನಕ್ಷೆ ಕಂಪನಿಯ ಇಬ್ಬರು ಹುಡುಗರು, ನಕ್ಷೆ ಬರೆಯೋ ಸಾಗರ್ ಮತ್ತು ಡ್ರೋನ್ ಹಾರಿಸೋ ಗೌತಮ್, ಗಣೇಶನ ಹಬ್ಬ ಆದ ವಾರ ಒಟ್ಟಿಗೆ ಕಾಣೆಯಾಗಿದ್ದರು. ತಿಂಗಳಾಗ್ತಾ ಬಂತು. ಡ್ರೋನೂ ನಾಪತ್ತೆ. ಕದ್ದುಕೊಂಡು ಓಡಿಹೋದರು ಅಂತ ಪವಿತ್ರ ಕಂಪ್ಲೇಂಟ್ ಬರೆಸಿದ್ದಳು. ಹುಡುಕಿಕೊಡು ಅಂತ ನನ್ನನ್ನ ಹಿಡಿದವರು ಸಾಗರನ ತಾಯಿ ಸರೋಜಮ್ಮ.

ಕೆಲಸ ಒಪ್ಪಿಸಿದ್ದು ಅವರು. ಆದರೆ ದಿನಾ ಬೆಳಿಗ್ಗೆ ನನ್ನ ಆಫೀಸಿನ ಮೆಟ್ಟಿಲ ಮೇಲೆ ಕೂತಿರೋರು ಗೌತಮನ ಅಪ್ಪ ಗುರುಸಿದ್ದಯ್ಯ. ಸ್ಕೂಲ್ ಬಸ್ ಡ್ರೈವರ್. ಮಕ್ಕಳನ್ನ ಇಳಿಸಿ ಖಾಕಿ ಅಂಗಿಯಲ್ಲೇ ಬಂದುಬಿಡೋರು. ಕೇಳೋದು ಒಂದೇ ಮಾತು.

"ನನ್ ಮಗ ಕಳ್ಳ ಅಲ್ಲ ಅಂತ ಯಾರಾದ್ರೂ ಒಬ್ರು ಹೇಳ್ಬುಡಿ ಮೇಡಂ. ಸಿಗದಿದ್ರೂ ಚಿಂತಿಲ್ಲ."

ಆಮೇಲೆ ಮೆಟ್ಟಿಲು ಇಳೀತಾ ಅರ್ಧಕ್ಕೆ ತಿರುಗಿ, "ಸಿಕ್ರೆ ಒಳ್ಳೇದು" ಅನ್ನೋರು.

ಇವತ್ತು ಬೇಡ ಅಂದ್ರೂ ಕೇಳದೆ ನನ್ನ ಬೆನ್ನಿಗೇ ಬಂದಿದ್ದರು. ಪವಿತ್ರ ನನಗೆ ಕುರ್ಚಿ ತೋರಿಸಿದಳು. ಅವರಿಗೆ ಹೇಳಿದ್ದು ಇಷ್ಟು: "ಡ್ರೋನ್ ತಂದಿದ್ದೀರಾ? ಇಲ್ಲ ಅಂದ್ರೆ ಹೊರಗೇ ಇರಿ."

ಅವರು ಹೊರಗೆ ಹೋಗಿ ಬಾಗಿಲ ಪಕ್ಕ ನಿಂತುಕೊಂಡರು. ನನಗೆ ಸಿಟ್ಟು ಬಂತು. ಆದರೂ ಕೆಲಸ ಆಗಬೇಕಿತ್ತಲ್ಲ, ನುಂಗಿಕೊಂಡೆ.

"ಸಮಾಧಿ ಯಾರದು?" ಅಂದೆ.

"ಯಾರದೋ. ರೈತರದ್ದು. ಹಳ್ಳಿ ಕಡೆ ಅವರವರ ಹೊಲದಲ್ಲೇ ಮಣ್ಣು ಮಾಡ್ತಾರೆ, ಗೊತ್ತಿಲ್ವಾ ನಿಮಗೆ?"

"ಗೊತ್ತು. ನಿಮಗೆ ಹೆಂಗೆ ಗೊತ್ತಾಗುತ್ತೆ?"

"ಕೇಳ್ತೀವಿ. ಪೈಪಿನ ದಾರಿ ಗುರುತು ಮಾಡೋಕೆ ಮುಂಚೆ ನಮ್ಮ ಹುಡುಗರು ಹೊಲದೋರನ್ನ ಕೇಳೋ ಮೊದಲನೇ ಪ್ರಶ್ನೆನೇ ಅದು. ನಿಮ್ಮ ಹಿರೀಕರು ಎಲ್ಲಿ ಮಲಗಿದ್ದಾರೆ ಅಂತ. ಹಿಂದೆ ಒಂದ್ಸಲ ಕೇಳದೆ ಯಾರದೋ ಅಜ್ಜನ ಮೇಲೆ ಜೆಸಿಬಿ ಓಡಿಸಿಬಿಟ್ರು. ಊರಿಗೆ ಊರೇ ಬಂದು ಮಷಿನ್ ಮುಂದೆ ಮಲಗಿಬಿಡ್ತು. ಅವತ್ತಿಂದ ನಕ್ಷೆಯಲ್ಲಿ ಸಮಾಧಿ ಅಂತ ಗುರುತು ಬಿದ್ರೆ ಮುಗೀತು. ಪೈಪು ಸುತ್ತಿಕೊಂಡು ಹೋಗುತ್ತೆ."

"ಬಂಡೆ ಅಂತ ಗುರುತು ಬಿದ್ರೆ?"

"ಕಂಟ್ರಾಕ್ಟರ್ ಹೋಗಿ ನೋಡ್ತಾನೆ. ಒಡೀಬೇಕಲ್ಲ."

"ಹಾಳುಬಾವಿ ಅಂತ ಬಿದ್ರೆ?"

"ನಾವೇ ಹೋಗಿ ಆಳ ನೋಡ್ತೀವಿ."

"ಸಮಾಧಿ ಅಂತ ಬಿದ್ರೆ?"

"ಯಾರೂ ಹೋಗಲ್ಲ. ಆ ಕಡೆ ತಲೆ ಹಾಕಿ ಕೂಡ..."

ಚಮಚ ಡಬ್ಬಿಯಲ್ಲೇ ಉಳಿಯಿತು. ಬುದ್ಧಿವಂತೆ ಅವಳು, ಅದರಲ್ಲಿ ಎರಡು ಮಾತಿಲ್ಲ. ನಾನು ಎಲ್ಲಿಗೆ ಎಳೆದುಕೊಂಡು ಹೋಗ್ತಿದ್ದೀನಿ ಅಂತ ಅವಳಿಗೆ ಹೊಳೆದುಬಿಟ್ಟಿತ್ತು.

"ಬೆಳಿಗ್ಗೆ ಕೆಂಚಮ್ಮನ ಹೊಲಕ್ಕೆ ಹೋಗಿದ್ದೆ" ಅಂದೆ.

ಹೋಗಿದ್ದು ಹುಡುಗರನ್ನ ಕೊನೆಗೆ ಕಂಡವರು ಯಾರು ಅಂತ ಕೇಳೋಕೆ. ಕೆಂಚಮ್ಮ ಹುರುಳಿಕಾಯಿ ಗಿಡದ ಸಾಲಿನಲ್ಲಿ ಕಳೆ ಕೀಳ್ತಿದ್ದಳು. ಹುಡುಗರ ವಿಷಯ ಎತ್ತೋಕೆ ಬಿಡದೆ ತನ್ನ ಗೋಳು ತೆಗೆದಳು.

"ನೋಡವ್ವ, ನೆಟ್ಟಗ್ ಬರ್ಬೇಕಾದ ಪೈಪ್ನ ಸೊಟ್ಟ ತಿರುಗ್ಸ್‌ಬುಟ್ಟವ್ರೆ. ಕೆಳಗಿನ ಮೂಲೆಗೆ ನೀರೇ ಬರ್ತಿಲ್ಲ. ಯಾಕ್ರಪ್ಪಾ ಅಂದ್ರೆ, ನಿಮ್ ಸಮಾಧಿ ಅದೆಯಲ್ಲಮ್ಮ ಅಂತಾರೆ. ನಮ್ ಅತ್ತೆ, ಮಾವ, ನನ್ ಗಂಡ, ಎಲ್ರೂ ಅಗೋ ಆ ಬೇಲಿ ಪಕ್ಕ ಮಲ್ಗವ್ರೆ. ಪಿತೃಪಕ್ಷಕ್ಕೆ ಎಡೆ ಇಕ್ಕೋಳು ನಾನು. ನಂಗೊತ್ತಿಲ್ದಂಗೆ ನಮ್ಮನೇಲಿ ಸತ್ತೋರು ಯಾರವ್ವ ಇಲ್ಲಿ?"

ಆ ಮಾತು ಕೇಳಿದ್ದೇ ನನ್ನ ಕಾಲಡಿಯ ಮಣ್ಣು ನೋಡಿದೆ. ಗಿಡ ಸೊಂಪಾಗಿ ಬಂದಿತ್ತು. ಎರಡು ಹೆಜ್ಜೆ ಹಿಂದಕ್ಕೆ ಬಂದು ನಿಂತುಕೊಂಡೆ.

ಅದನ್ನೆಲ್ಲ ಪವಿತ್ರಳಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿ, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು ಪರದೆ ನೋಡಿದಳು. ಪೈಪು ಸುತ್ತಿಕೊಂಡು ಹೋದ ಜಾಗದಲ್ಲಿ ಒಂದೇ ಒಂದು ಪುಟ್ಟ ಚೌಕ ಅಕ್ಕಪಕ್ಕಕ್ಕಿಂತ ಕಡು ಹಸಿರಾಗಿತ್ತು.

"ಅದೇನದು?" ಅಂದೆ.

"ಕಳೆದ ವಾರದ ಚಿತ್ರದಲ್ಲೇ ಬಂದಿತ್ತು. ವಾಲ್ವ್ ಲೀಕ್ ಇರಬೇಕು ಅಂದ್ಕೊಂಡು ಬಿಟ್ಟೆ. ಆಳಕ್ಕೆ ಅಗೆದ ಮಣ್ಣು ಸಡಿಲ ಆಗಿ ನೀರು ಜಾಸ್ತಿ ಹಿಡಿಯುತ್ತೆ. ಬೆಳೆ ಚೆನ್ನಾಗಿ ಬರುತ್ತೆ ಅಂಥ ಕಡೆ." ಧ್ವನಿಯಲ್ಲಿ ನಡುಕ ಇರಲಿ ಅಂತ ನಾನು ಕಾದೆ. ಇರಲಿಲ್ಲ.

"ಇಷ್ಟೆಲ್ಲ ಗೊತ್ತಿರೋರು ನೀವು. ಕಂಪನಿ ನಿಮ್ಮದು, ನಕ್ಷೆ ನಿಮ್ಮದು. ಆ ಗುರುತು ಹಾಕಿದ್ದೂ ನೀವೇ ಅಂತ ನಾನು ಯಾಕೆ ಅಂದುಕೋಬಾರದು?"

"ಅಂದ್ಕೊಳ್ಳಿ. ಬಾಯಿ ನಿಮ್ಮದು."

"ಹುಡುಗರ ಬಾಯಿಗೆ ಮಣ್ಣು ಹಾಕಿ, ಮೇಲೆ ಕಳ್ಳರು ಅಂತ ಹೆಸರಿಟ್ಟು, ಇಲ್ಲಿ ಮೊಸರನ್ನ ತಿಂತಾ ಕೂತಿದ್ದೀರಿ."

ಅವಳು ನಕ್ಕಳು ಕಣ್ರೀ. ಕೋಪ ಬಂದಿದ್ರೆ ನನಗೆ ಸಮಾಧಾನ ಆಗ್ತಿತ್ತು.

"ಭಾನುಪ್ರಿಯಾ ಅವರೇ, ನಮ್ಮ ನಕ್ಷೆಯಲ್ಲಿ ಒಂದು ಗೆರೆ ಕೂದಲೆಳೆಯಷ್ಟು ಜರುಗಿಸಿದ್ರೂ ಯಾರು ಯಾವಾಗ ಜರುಗಿಸಿದ್ರು ಅಂತ ಉಳಿದಿರುತ್ತೆ. ನಾನು ಅಳಿಸಬೇಕು ಅಂದ್ರೂ ಆಗಲ್ಲ. ಇಲ್ನೋಡಿ."

ಸೊಟ್ಟ ಗೆರೆಯ ಮೇಲೆ ಒತ್ತಿದಳು. ಪಕ್ಕದಲ್ಲಿ ಒಂದು ಹೆಸರು ಮೂಡಿತು. ಸಾಗರ್.

"ಅವನ ಪಾಸ್‌ವರ್ಡ್ ನಿಮಗೂ ಗೊತ್ತಿರುತ್ತೆ" ಅಂದೆ.

"ಪಾಸ್‌ವರ್ಡ್ ಸಾಲದು. ಪ್ರತಿ ಸಲ ಅವರವರ ಫೋನಿಗೆ ಓಟಿಪಿ ಬರುತ್ತೆ. ಸಾಗರ್ ಆ ಫೋನನ್ನ ಸ್ನಾನಕ್ಕೆ ಹೋದ್ರೂ ಬಿಡ್ತಿರಲಿಲ್ಲ. ಅದಿರಲಿ, ಯಾವತ್ತು ಹಾಕಿದ್ದು ಅಂತ ನೋಡಿದ್ರಾ?"

ನೋಡಿದೆ. ಸೋಮವಾರ. ಇಬ್ಬರೂ ಕಾಣೆಯಾಗಿದ್ದು ಅದೇ ವಾರದ ಗುರುವಾರ. ಗುರುವಾರ ಮಧ್ಯಾಹ್ನ ಗೌತಮ್ ಈ ಆಫೀಸಿನಿಂದಲೇ ಡ್ರೋನ್ ಹೆಗಲಿಗೆ ಹಾಕಿಕೊಂಡು ಹೋಗಿದ್ದನ್ನ ಇಡೀ ಆಫೀಸು ನೋಡಿತ್ತು.

ಮನುಷ್ಯ ಇನ್ನೂ ಓಡಾಡಿಕೊಂಡು, ಉಂಡುಕೊಂಡು, ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿಕೊಂಡು ಇರುವಾಗಲೇ ಅವನಿಗೆ ನಕ್ಷೆಯಲ್ಲಿ ಜಾಗ ಹಿಡಿದಿಟ್ಟಿದ್ದಾರೆ. ಆಗ ನಾನು ಹಾಗೇ ಅಂದುಕೊಂಡೆ.

"ಅಂದ್ರೆ ಸಾಗರ್..." ಅಂದೆ.

"ಹೌದು. ನಿಮ್ಮ ಸರೋಜಮ್ಮನವರ ಮುತ್ತಿನಂಥ ಮಗ." ಪವಿತ್ರ ಕುರ್ಚಿಗೆ ಒರಗಿದಳು. "ಒಂದು ಕೆಲಸ ಮಾಡಿ. ಹೊರಗೆ ನಿಂತಿದ್ದಾನಲ್ಲ ಆ ಡ್ರೈವರು, ಅವನಿಗೆ ಸಿಹಿ ಸುದ್ದಿ ಹೇಳಿಬಿಡಿ. ನಿನ್ನ ಮಗ ಕಳ್ಳ ಅಲ್ಲಪ್ಪ, ಹುರುಳಿಕಾಯಿಗೆ ಗೊಬ್ಬರ ಅಂತ."

ಹೊಡೆದುಬಿಟ್ಟೆ.

ಕೆನ್ನೆಗೆ ಬಾರಿಸಿದ ಸದ್ದು ಆಫೀಸಿಗೆಲ್ಲ ಕೇಳಿಸಿತು. ಹೊಡೀಬಾರದು ಅಂತ ನನಗೂ ಗೊತ್ತು. ಇನ್ನೊಂದು ಸಲ ಅಂದ್ರೆ ಇನ್ನೊಂದು ಬಿಗೀತೀನಿ ಅನ್ನೋದೂ ಗೊತ್ತು. ಅವಳು ಕೆನ್ನೆ ಹಿಡಿದುಕೊಂಡು ಪೊಲೀಸು, ಕೇಸು ಅಂತ ಏನೇನೋ ಕಿರುಚಿದಳು. ನನ್ನ ಕಣ್ಣು ಬಾಗಿಲ ಮೇಲಿತ್ತು.

ಗುರುಸಿದ್ದಯ್ಯ ಬಾಗಿಲು ಅರ್ಧ ತೆಗೆದು ನಿಂತಿದ್ದರು. ಎಲ್ಲಾ ಕೇಳಿಸಿಕೊಂಡಿದ್ದರು.

ಬಂದು ನನ್ನ ಕಾಲು ಹಿಡೀತಾರೇನೋ, ಬಿದ್ದುಬಿಡ್ತಾರೇನೋ ಅಂತ ಎದ್ದೆ. ಅವರು ಖಾಕಿ ಅಂಗಿಯ ತುದಿ ಸರಿಮಾಡಿಕೊಂಡು, ತುಂಬ ಮೆಲ್ಲಗೆ ಕೇಳಿದರು.

"ನನ್ ಮಗ ಕಳ್ಳ ಅಲ್ಲ ಅಂದ್ರಲ್ವಾ ಮೇಡಂ ಅವ್ರು ಈಗ?"

ಅರ್ಧ ಮಾತು ಹಿಡ್ಕೊಂಡಿದ್ದರು. ಇನ್ನರ್ಧ ಕೇಳಿಸಲೇ ಇಲ್ಲ ಅನ್ನೋ ಹಾಗೆ ನಿಂತಿದ್ದರು. ನಾನು "ಹೌದು" ಅಂದೆ. ಬೇರೆ ಏನು ಹೇಳಲಿ, ನೀವೇ ಹೇಳಿ.

ಇನ್ಸ್‌ಪೆಕ್ಟರ್ ವಿಜಯ್‌ಕುಮಾರ್ ನನ್ನ ಜೊತೆ ಕೆಲಸ ಮಾಡಿದವನು. ಸೋಮಾರಿ, ಆದರೆ ಕೆಟ್ಟವನಲ್ಲ. ಫೋನಿನಲ್ಲಿ ವಿಷಯ ಕೇಳಿ, "ಥೂ, ನಿಮ್ದೊಂದು ಕಾಟ ಮೇಡಂ" ಅಂದ. ಆದರೂ ತಹಶೀಲ್ದಾರರನ್ನ ಹಿಡಿದು, ಅಗೆಯೋಕೆ ಅಪ್ಪಣೆ ತಗೊಂಡು ಮಾರನೇ ದಿನ ಬೆಳಿಗ್ಗೆ ಹೊಲಕ್ಕೆ ಬಂದ. ಗುರುತು ಹಿಡಿಯೋಕೆ ಎರಡೂ ಮನೆಯವರು ಇರಬೇಕು ಅಂದ.

ಸರೋಜಮ್ಮನವರಿಗೆ ಫೋನ್ ಮಾಡಿದವಳು ನಾನೇ. ಸೊಟ್ಟ ಗೆರೆ ಎಳೆದವನು ನಿಮ್ಮ ಮಗ ಅಂತ ಹೇಳಲಿಲ್ಲ. ಆ ಫೋನು ಯಾರ ಕೈಲಿತ್ತೋ, ಸಾಗರನ ಕುತ್ತಿಗೆ ಮೇಲೆ ಯಾರು ಕತ್ತಿ ಇಟ್ಟಿದ್ದರೋ ಅಂತ ನನಗೇ ಇನ್ನೂ ಅನುಮಾನ ಇತ್ತು. ಗುಂಡಿಯಲ್ಲಿ ಒಬ್ಬ ಇರಬಹುದು, ಇಬ್ಬರೂ ಇರಬಹುದು. "ಒಂದು ಜಾಗ ಅಗೀತಿದ್ದಾರೆ, ಮನಸ್ಸು ಗಟ್ಟಿ ಮಾಡ್ಕೊಂಡು ಬನ್ನಿ" ಅಂದೆ ಅಷ್ಟೆ.

ಬಂದರು. ಕಾರಿನಿಂದ ಇಳಿದವರು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು, ಕೈಯಲ್ಲಿ ಕಾಫಿ ಫ್ಲಾಸ್ಕಿತ್ತು. ಕಣ್ಣು ಊದಿರಲಿಲ್ಲ. ದುಃಖ ಒಬ್ಬೊಬ್ಬರಿಗೆ ಒಂದೊಂದು ಥರ ಅಂತ ನಾನು ಸುಮ್ಮನಾದೆ. ಇನ್ಸ್‌ಪೆಕ್ಟರಿಗೆ, ತಹಶೀಲ್ದಾರರಿಗೆ, ನನಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಗುರುಸಿದ್ದಯ್ಯನವರಿಗೆ ಒಂದು ಕಾಗದದ ಕಪ್ಪು ತೆಗೆದು ಅದರಲ್ಲಿ ಬಗ್ಗಿಸಿ, ಕೈಗೆ ಕೊಡದೆ ಬದುವಿನ ಮೇಲಿಟ್ಟರು.

"ನಿನ್ ಮಗನ ಸವಾಸ ಮಾಡಿ ನನ್ ಮಗ ಹಾಳಾದ" ಅಂದರು. "ತಗೋ, ಕುಡಿ."

ಗುರುಸಿದ್ದಯ್ಯ ಬಗ್ಗಿ ಕಪ್ಪು ತಗೊಂಡರು. "ಇಬ್ರೂ ಇಲ್ಲಿ ಇರ್ದಿರ್ಲಿ ತಾಯಿ" ಅಂದರು. "ನಿಮ್ ಮಗಾನೂ ಇರ್ದಿರ್ಲಿ."

ನನ್ನ ಲೋಟದ ಕಾಫಿ ಬದುವಿಗೆ ಚೆಲ್ಲಿಬಿಟ್ಟೆ.

ಅಗೆಯೋಕೆ ಶುರು ಮಾಡಿದರು. ಮಷಿನ್ ಬೇಡ ಅಂತ ವಿಜಯ್‌ಕುಮಾರ್ ಗುದ್ದಲಿಯವರನ್ನ ಕರೆಸಿದ್ದ. ಕೆಂಚಮ್ಮ ಮೊದಲು ಗಿಡ ಹೋಯ್ತು ಅಂತ ಬಾಯಿ ಬಡ್ಕೊಂಡಳು. ಆಮೇಲೆ ಗುದ್ದಲಿಯವನೊಬ್ಬ ಮೂಗು ಮುಚ್ಚಿಕೊಂಡಾಗ ಸೆರಗು ಬಾಯಿಗೆ ತುರುಕಿಕೊಂಡು ಬೇಲಿಯ ಕಡೆ ಹೋಗಿಬಿಟ್ಟಳು. "ನಾನ್ ಇದರ್ ಮೇಲೆ ಕೂತ್ ಬುತ್ತಿ ಉಂಡಿವ್ನಿ ಕಣ್ರಪ್ಪೋ" ಅಂತ ಅಲ್ಲಿಂದ ಅಳು ಕೇಳಿಸ್ತಿತ್ತು.

ಮಂಡಕಳ್ಳಿ ನಿಲ್ದಾಣದ ವಿಮಾನವೊಂದು ತಲೆ ಮೇಲೇ ಹಾರಿಹೋಯ್ತು. ಅದರ ಸದ್ದಿನಲ್ಲಿ ಗುದ್ದಲಿಯವನು ಏನೋ ಕೂಗಿದ್ದು ಕೇಳಿಸಲಿಲ್ಲ. ಕೈ ತೋರಿಸಿದ. ಮಣ್ಣಿನಲ್ಲಿ ನೀಲಿ ಟಾರ್ಪಾಲಿನ ಒಂದು ಮೂಲೆ ಕಾಣ್ತಿತ್ತು.

ಗುರುಸಿದ್ದಯ್ಯ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. "ಇವ್ನಲ್ಲ, ಇವ್ನಲ್ಲ, ಇವ್ನಲ್ಲ" ಅಂತ ಅವರ ತುಟಿ ಅಲ್ಲಾಡ್ತಿತ್ತು.

ಗುದ್ದಲಿಯವರು ಕೆಳಗಿಳಿದು ಕೈಯಲ್ಲಿ ಮಣ್ಣು ಸರಿಸಿದರು. ಟಾರ್ಪಾಲು ಉದ್ದಕ್ಕೆ ಸುತ್ತಿ ಹಗ್ಗ ಬಿಗಿದ ಗಂಟು. ಒಳಗೇನಿದೆ ಅಂತ ಕಾಣೋ ಹಾಗೇ ಇರಲಿಲ್ಲ.

"ನಮ್ ಸಾಗರ ಅಲ್ಲ ಬುಡಿ" ಅಂದರು ಸರೋಜಮ್ಮ.

ಫ್ಲಾಸ್ಕಿನ ಮುಚ್ಚಳ ತಿರುಗಿಸ್ತಾ, ಅಡುಗೆಗೆ ಉಪ್ಪು ಸರಿಯಾಗಿದೆ ಬುಡಿ ಅನ್ನೋ ಧಾಟಿಯಲ್ಲಿ ಅಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ನೋಡಲಿಲ್ಲ.

ಹಗ್ಗ ಕೊಯ್ದರು. ಟಾರ್ಪಾಲು ಕಾಲಿನ ಕಡೆಯಿಂದ ಬಿಚ್ಚಿಕೊಂಡಿತು.

ಮೊದಲು ಕಂಡಿದ್ದು ಶೂ. ಕಪ್ಪು ಶೂ, ದಪ್ಪ ಅಟ್ಟೆಯದು.

ಗುರುಸಿದ್ದಯ್ಯ ಕಣ್ಣು ಬಿಟ್ಟರು. ನೋಡಿದರು. ಯಾರೂ ತಡೆಯೋಕೆ ಮುಂಚೆ ಗುಂಡಿಗೆ ಇಳಿದುಬಿಟ್ಟರು. ಮೈಯ ಸ್ಥಿತಿ ಹೇಗಿತ್ತು ಅಂತ ನಾನು ಬರೆಯಲ್ಲ. ಗುದ್ದಲಿಯವರೇ ದೂರ ಸರಿದಿದ್ದರು. ಈ ಮನುಷ್ಯ ಆ ಕಾಲನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಶೂಗೆ ಮೆತ್ತಿದ ಮಣ್ಣನ್ನ ಅಂಗಿಯ ತುದಿಯಲ್ಲಿ ಒರೆಸಿದರು.

"ಇದ್ ನನ್ ಶೂ ಮೇಡಂ" ಅಂದರು. "ಸ್ಕೂಲ್ನೋರು ನಂಗ್ ಕೊಟ್ಟಿದ್ದು. ಹೊಲ ಸುತ್ತೋನು ನೀನು, ಮುಳ್ಳು ಗಿಳ್ಳು ಇರ್ತದೆ, ಹಾಕ್ಕೋ ಮಗಾ ಅಂತ ಕೊಟ್ಟಿದ್ದೆ. ಕಾಲ್ಗೆ ಬಿಗಿ ಆಯ್ತದೆ ಅಂತಿದ್ದ. ಹಾಕ್ಕೋತಾ ಹಾಕ್ಕೋತಾ ಸರಿ ಆಯ್ತದೆ ಅಂದಿದ್ದೆ."

ಆಮೇಲೆ ಅವರು ಕೂಗಿದ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಪೊಲೀಸ್ ಕೆಲಸದಲ್ಲಿ ಹೆಣ ನೋಡಿ ನೋಡಿ ಕಲ್ಲಾಗಿದ್ದೀನಿ ಅಂದುಕೊಂಡಿದ್ದೆ. ಸುಳ್ಳು. ಮುಖ ತಿರುಗಿಸಿಕೊಂಡೆ. ಹಾಗೆ ತಿರುಗಿಸಿದ್ದಕ್ಕೇ ಸರೋಜಮ್ಮನವರ ಮುಖ ಕಣ್ಣಿಗೆ ಬಿತ್ತು.

ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದರು. ಫ್ಲಾಸ್ಕು ಕೈಯಿಂದ ಜಾರಿ ಕಾಫಿ ಎಲ್ಲ ಸೀರೆಯ ಮೇಲೆ ಚೆಲ್ಲಿತ್ತು. ಅದರ ಪರಿವೆಯೇ ಅವರಿಗಿರಲಿಲ್ಲ.

ಮಗ ಅಲ್ಲ ಅಂತ ಗೊತ್ತಾದ ತಾಯಿಗೆ ಜೀವ ಬರಬೇಕು. ಇವರಿಗೆ ಈಗ ಜೀವ ಹೋಗಿತ್ತು. ಟಾರ್ಪಾಲು ಕಂಡಾಗ ಹೆದರದವರು ಗೌತಮನ ಶೂ ಕಂಡು ಹೆದರಿದ್ದರು.

ತೋಳು ಹಿಡಿದು ಅವರನ್ನ ಕಾರಿನ ಮರೆಗೆ ಕರೆದುಕೊಂಡು ಹೋದೆ. ನನ್ನ ಕೈ ಗಟ್ಟಿ. ಅವರು ಕೊಸರಾಡಲಿಲ್ಲ.

"ಬಿಚ್ಚೋಕೆ ಮುಂಚೆನೇ ಹೇಳಿದ್ರಿ, ನಮ್ ಸಾಗರ ಅಲ್ಲ ಅಂತ" ಅಂದೆ.

"ಹೆತ್ತ ಕರುಳು. ಗೊತ್ತಾಗ್ತದೆ."

"ಅಲ್ಲಿ ಗುಂಡಿಯಲ್ಲಿ ಕೂತಿದ್ದಾರಲ್ಲ, ಅವರದ್ದೇನು ಕರುಳಲ್ವಾ? ಶೂ ಕಾಣೋವರೆಗೂ ಅವರಿಗೆ ಗೊತ್ತಾಗಲಿಲ್ಲ. ಸಾಗರ್ ಬದುಕಿದ್ದಾನೆ. ನಿಮಗೆ ಮೊದಲಿಂದಲೂ ಗೊತ್ತು."

ಅವರು ಕಾರಿನ ಬಾಗಿಲಿಗೆ ಒರಗಿಕೊಂಡರು.

"ನನ್ನನ್ನ ಕರೆಸಿದ್ದು ಮಗನ್ನ ಹುಡುಕೋಕಲ್ಲ. ನಾನು ಎಲ್ಲಿವರೆಗೂ ಬರ್ತೀನಿ ಅಂತ ನೋಡೋಕೆ. ನನ್ನ ಕೈಲೇ ಆಗಲಿಲ್ಲ ಅಂದ್ರೆ ಇನ್ಯಾರ ಕೈಲೂ ಆಗಲ್ಲ ಅಂತ ಧೈರ್ಯವಾಗಿ ಮಲಗೋಕೆ. ಹೌದೋ ಅಲ್ವೋ?"

ಅವರು ನನ್ನ ಮಾತು ಕೇಳಿಸಿಕೊಳ್ತಿರಲಿಲ್ಲ. ಕಣ್ಣು ಗುಂಡಿಯ ಕಡೆಯೇ ಇತ್ತು.

"ಇವ್ನು ನಮ್ಮನೆಗೆ ಬರೋನು" ಅಂದರು. "ಜಗಲಿ ಮೇಲೇ ಕೂತ್ಕೊಳೋನು, ಒಳಕ್ ಬರ್ತಿರ್ಲಿಲ್ಲ. ಅಮ್ಮಾ ಅನ್ನೋನು ನನ್ನ. ಇವ್ನು ಹೆಂಗ್ ಬಂದ ಇಲ್ಲಿ?"

"ನಿಮ್ಮ ಮಗ ತಂದು ಹಾಕಿದ. ಇನ್ನೇನು ನಡೆದು ಬಂದ್ನಾ?"

"ಇಲ್ಲ." ತಲೆ ಅಲ್ಲಾಡಿಸಿದರು. ನನ್ನ ಎರಡೂ ಕೈ ಹಿಡಿದುಕೊಂಡರು. "ಇವ್ನಲ್ಲ ಕಣಮ್ಮ. ಇವ್ನ ಸುದ್ದಿ ಸಾಗರ ಹೇಳೇ ಇರ್ಲಿಲ್ಲ ನಂಗೆ. ಹಬ್ಬದ್ ಮಾರನೇ ದಿನ ಬಂದು ನನ್ ಮಡ್ಲಲ್ ತಲೆ ಇಟ್ಕೊಂಡು ಅತ್ತ. ಕೈ ತಪ್ಪಿ ಆಗೋಯ್ತು, ಮಣ್ ಮಾಡ್ಬುಟ್ಟೆ ಕಣಮ್ಮ ಅಂದ. ಅವ್ನು ಹೇಳಿದ್ದು ಹೆಣ್ಣು ಅಂತ. ಯಾವ್ದೋ ಹೆಣ್ಣು ಅಂತ."

ಮನಸ್ಸಿನಲ್ಲೇ ದಿನ ಎಣಿಸಿದೆ.

ಹಬ್ಬದ ಮಾರನೇ ದಿನ. ಸೊಟ್ಟ ಗೆರೆ ಬಿದ್ದ ಸೋಮವಾರಕ್ಕೂ ಮುಂಚೆ. ಗೌತಮ್ ಗುರುವಾರದವರೆಗೂ ಬದುಕಿದ್ದ. ನಾನು ಎಂಥ ಹೆಡ್ಡಿ! ಗೌತಮನಿಗೆ ಅಂತ ಯಾರೂ ಮುಂಚಿತವಾಗಿ ಜಾಗ ಹಿಡಿದಿಟ್ಟಿರಲಿಲ್ಲ. ಆ ಸೋಮವಾರ ಪೈಪು ಸುತ್ತಿಕೊಂಡು ಹೋಗಿದ್ದು ಆಗಲೇ ಒಳಗಿದ್ದ ಇನ್ನೊಬ್ಬಳನ್ನ. ಗೌತಮ್ ಡ್ರೋನ್ ಹಾರಿಸಿಕೊಂಡು ಇಲ್ಲಿಗೆ ಬಂದ, ಏನನ್ನೋ ಕಂಡ, ಅವನನ್ನೂ ಅದೇ ಗುಂಡಿಗೆ ಹಾಕಿದರು.

ಅತ್ತ ಕಡೆ ಮೈಯನ್ನ ಮೇಲೆತ್ತಿ ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದರು. ತಹಶೀಲ್ದಾರರು ಸಹಿ ಹಾಕ್ತಿದ್ದರು. ದನಕರು ಬಿದ್ದಾವು, ಗುಂಡಿ ಮುಚ್ಚಿಬಿಡಿ ಅಂತ ವಿಜಯ್‌ಕುಮಾರ್ ಹೇಳ್ತಿದ್ದ. ಒಬ್ಬ ಆಗಲೇ ಮಣ್ಣು ಎಳೆಯೋಕೆ ಶುರು ಮಾಡಿದ್ದ.

ನಾನು ಓಡಿದೆ.

"ವಿಜಯ್, ಮುಚ್ಚಿಸಬೇಡ!" ಅಂತ ಅರಚಿದೆ. "ಇನ್ನೂ ಕೆಳಗೆ ಅಗೆಸು!"

ಎಲ್ಲರೂ ತಿರುಗಿ ನೋಡಿದರು. ಮಗನ ಕಾಲ ಬಳಿ ಕೂತಿದ್ದ ಗುರುಸಿದ್ದಯ್ಯ ತಲೆ ಎತ್ತಿದರು. ಅಳು ನಿಂತುಹೋಗಿತ್ತು.

"ಯಾಕ್ ಮೇಡಂ?" ಅಂದರು. "ನನ್ ಮಗ ಸಿಕ್ದ್ನಲ್ಲ. ಇನ್ ಯಾರ್ ಮಕ್ಳವ್ರೆ ಅಲ್ಲಿ?"